ಹಾಡುಗಳ ಭಂಡಾರ: ವಿಂಗಡಣೆ ಮತ್ತು ಜೋಡಣೆ

ಗ್ರಂಥಭಂಡಾರದ ಯೋಗ್ಯತೆಯನ್ನು ಅದರಲ್ಲಿರುವ ಪುಸ್ತಕಗಳ ಸಂಖ್ಯೆಯಿಂದ ಅಳೆಯುವುದು ವಾಡಿಕೆ. ಆದರೆ ಬೇಕೆಂದಾಗ ಬೇಕಾದ ಪುಸ್ತಕವು ಕೈಗೆ ಸಿಕ್ಕುವುದೋ ಇಲ್ಲವೋ ಎಂಬುದೇ ಅದರ ಸರಿಯಾದ ಅಳತೆ. ಹತ್ತು ಸಾವಿರ ಪುಸ್ತಕಗಳ ನಡುವೆ ತನ್ನದಲ್ಲದ ಸ್ಥಳದಲ್ಲಿ ಇಟ್ಟ ಒಂದು ಪುಸ್ತಕವು ಇದ್ದೂ ಇಲ್ಲದಂತೆಯೇ ಸರಿ. ಈ ಕಾರಣದಿಂದ ಪುಸ್ತಕಗಳನ್ನು ಕೊಳ್ಳುವುದಕ್ಕಿಂತ ಅವುಗಳನ್ನು ವಿಂಗಡಿಸಿ ಇಡುವುದು ಹೆಚ್ಚು ವಿವೇಚನೆಯನ್ನು ಬೇಡುವ ಕೆಲಸ. ಇತಿಹಾಸ, ಗಣಿತ, ವೈದ್ಯ ಮುಂತಾದ ವಿಷಯಗಳಲ್ಲಿ ಈ ವಿವೇಚನೆಯು ಅಷ್ಟು ಕಠಿನವಲ್ಲ. ಒಂದು ಪುಸ್ತಕವು ಸಾಮಾನ್ಯವಾಗಿ ಒಂದು ವಿಷಯವನ್ನೇ ಹೇಳುತ್ತದೆ. ಸಂಗೀತದ ಮಾತು ಬೇರೆ. ಒಂದು ಹಾಡಿಗೆ ಅದನ್ನು ರಚಿಸಿದವರುಂಟು, ಹಾಡಿದವರುಂಟು, ರಾಗವುಂಟು, ತಾಳವುಂಟು, ಭಾಷೆಯುಂಟು, ಹಾಡುವ ಸಮಯ ಸಂದರ್ಭಗಳುಂಟು. ಇಷ್ಟು ಮುಖಗಳುಳ್ಳ ವಸ್ತುವನ್ನು ಯಾವ ಮುಖವನ್ನು ಹಿಡಿದು ಯಾವ ಕಪಾಟಿನಲ್ಲಿ ಇಡುವುದು? ಈ ಪ್ರಶ್ನೆಯನ್ನೇ ಈ ಹೊತ್ತು ತಮ್ಮ ಮುಂದೆ ಇಟ್ಟು, ಅದಕ್ಕೆ ಲೋಕದಲ್ಲಿ ದೊರೆತಿರುವ ಉತ್ತರಗಳನ್ನೂ ನಮ್ಮ ನಾಡಿನ ಹಾಡುಗಳಿಗೆ ಅವು ಎಷ್ಟರ ಮಟ್ಟಿಗೆ ಒಗ್ಗುವುವೆಂಬುದನ್ನೂ ವಿವರಿಸಬೇಕೆಂದಿದ್ದೇನೆ.

ಉದಾಹರಣೆಗೆ ರಾಯಚೂರಿನ ಸೀಮೆಯನ್ನೇ ತೆಗೆದುಕೊಳ್ಳುವುದು ಉಚಿತ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲವು ಹಾಡಿನ ನೆಲ. ವಿಜಯದಾಸರು ಹುಟ್ಟಿದ್ದು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ. ಅವರ ಕಾಲ 1682ರಿಂದ 1755. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ಭಾಮಿನೀಷಟ್ಪದಿಯಲ್ಲಿ ರಚಿಸಿದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಜನಿಸಿ ಮಾನ್ವಿಯಲ್ಲಿ ನೆಲಸಿ 1809ರಲ್ಲಿ ಕಾಲವಾದರು. ಪುರಂದರದಾಸರೊಡನೆ ಈ ಮೂವರನ್ನೂ ಸೇರಿಸಿ ದಾಸಚತುಷ್ಟಯವೆಂದು ಹೇಳುವುದು ರೂಢಿ. ನಾಲ್ವರಲ್ಲಿ ಮೂವರು ಒಂದೇ ಸೀಮೆಯವರು. ಒಂದು ಶತಮಾನದ ಒಳಗಾಗಿ ಗುರುಶಿಷ್ಯರಾಗಿ ಬೆಳಗಿದವರು. ಇವರ ರಚನೆಗಳು ಮಠಮಂದಿರಗಳಲ್ಲಿ ಮಾತ್ರವಲ್ಲದೆ ಮನೆಮನೆಯ ದೇವರ ಗೂಡಿನ ಬಳಿ, ಕೈಬರಹದ ಹಾಡಿನ ಪುಸ್ತಕಗಳಲ್ಲಿ ಉಳಿದು ಬಂದವು. ಲಿಂಗಸೂಗೂರಿನ ಗೊರಬಾಳ ಹನುಮಂತರಾಯರು ಇಂತಹ ಹಸ್ತಪ್ರತಿಗಳನ್ನು ಅರಸಿ ಕಲೆಹಾಕಿ, ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಅಚ್ಚು ಹಾಕಿಸಿದುದು ಈ ಸೀಮೆಯ ದೊಡ್ಡ ಪುಣ್ಯ.

ಇಂತಹ ಊರಿನಲ್ಲಿ ಒಂದು ಸಂಗೀತಭಂಡಾರವನ್ನು ಕಟ್ಟಬೇಕಾದರೆ ಅದರಲ್ಲಿ ಬಂದು ಸೇರುವ ವಸ್ತುಗಳು ಯಾವುವು? ಓಲೆಯ ಗರಿಗಳು, ಮಸಿಯಲ್ಲಿ ಬರೆದ ಪುಸ್ತಕಗಳು, ಅಚ್ಚಾದ ಕೀರ್ತನ ಸಂಪುಟಗಳು, ಸ್ವರಪ್ರಸ್ತಾರವುಳ್ಳ ಪಾಠದ ಪುಸ್ತಕಗಳು, ಸಂಗೀತಶಾಸ್ತ್ರದ ಗ್ರಂಥಗಳು, ಗ್ರಾಮಫೋನ್ ತಟ್ಟೆಗಳು, ಧ್ವನಿಸುರುಳಿಗಳು, ಕ್ಯಾಸೆಟ್ಟುಗಳು, ಈಗಿನ ಕಾಲದ ಗಣಕಯಂತ್ರದಲ್ಲಿ ಅಡಗಿರುವ ಧ್ವನಿಕಡತಗಳು. ಇವುಗಳ ಆಕಾರ ಬೇರೆ, ಆಯುಸ್ಸು ಬೇರೆ, ಓದುವ ಅಥವಾ ಕೇಳುವ ಬಗೆ ಬೇರೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಾಗದು.

ಇಲ್ಲಿ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಒಂದು ಭೇದವುಂಟು. ಕಪಾಟಿನಲ್ಲಿ ನಿಲ್ಲುವುದು ಪುಸ್ತಕ. ಬಂದವರು ಕೇಳುವುದು ಹಾಡು. ಒಂದು ಕೈಬರಹದ ಪುಸ್ತಕದಲ್ಲಿ ಐದು ಮಂದಿ ದಾಸರ ಎಂಬತ್ತು ಪದಗಳಿರಬಹುದು. ಒಂದು ಗ್ರಾಮಫೋನ್ ತಟ್ಟೆಯ ಎರಡು ಮೈಗಳಲ್ಲಿ ಎರಡು ಬೇರೆ ರಾಗಗಳಿರಬಹುದು. ಪುಸ್ತಕವನ್ನು ಹರಿದು ಎಂಬತ್ತು ಕಡೆ ಇಡುವುದಕ್ಕೆ ಆದೀತೇ? ಆಗದು. ಆದುದರಿಂದ ಸಂಗೀತಭಂಡಾರದ ಎಲ್ಲಾ ವಿಧಾನಗಳ ತಿರುಳು ಇಷ್ಟೇ: ವಸ್ತುವಿಗೆ ಸ್ಥಳ ಒಂದೇ, ಅದಕ್ಕೆ ದಾರಿಗಳು ಹಲವು. ಸ್ಥಳವನ್ನು ಗೊತ್ತುಮಾಡುವುದು ಕಪಾಟಿನ ಕೆಲಸ; ದಾರಿಗಳನ್ನು ತೋರಿಸುವುದು ಪಟ್ಟಿಯ ಕೆಲಸ. ಇವೆರಡನ್ನೂ ಬೆರಸಿ ಕಪಾಟಿನಿಂದಲೇ ಎಲ್ಲಾ ಉತ್ತರಗಳನ್ನು ಪಡೆಯಬೇಕೆಂದು ಹೊರಟರೆ ಎರಡೂ ಕೆಡುತ್ತವೆ.

ಪಾಶ್ಚಾತ್ಯರು ಕಪಾಟಿನ ಪ್ರಶ್ನೆಯನ್ನು ಹೇಗೆ ಬಿಡಿಸಿದರೆಂಬುದನ್ನು ನೋಡೋಣ. ಹಿಂದಿನ ಕಾಲದಲ್ಲಿ ಪ್ರತಿಯೊಂದು ಪುಸ್ತಕಕ್ಕೂ ಇಂತಹ ಕಪಾಟು, ಇಂತಹ ಹಲಗೆ, ಇಂತಹ ಸ್ಥಾನವೆಂದು ಶಾಶ್ವತವಾಗಿ ನೇಮಿಸುತ್ತಿದ್ದರು. ಹೊಸ ಪುಸ್ತಕಗಳು ಬಂದಂತೆಲ್ಲಾ ಒಂದೇ ವಿಷಯದ ಪುಸ್ತಕಗಳು ಚದರಿಹೋಗುತ್ತಿದ್ದವು. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬಾತನು ತನ್ನ ದಶಮಾಂಶ ಪದ್ಧತಿಯನ್ನು ಪ್ರಕಟಿಸಿ ಈ ತೊಡಕನ್ನು ನೀಗಿಸಿದನು. ಅಂಕೆಯನ್ನು ಹಲಗೆಗೆ ಕೊಡದೆ ವಿಷಯಕ್ಕೇ ಕೊಟ್ಟುದು ಅವನ ಉಪಾಯ. ಜ್ಞಾನವನ್ನೆಲ್ಲಾ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಹತ್ತಾಗಿ ಒಡೆದು, ಸಂಗೀತಕ್ಕೆ 780ನೆಯ ಅಂಕೆಯನ್ನು ಕೊಟ್ಟನು. ಎರಡು ಪುಸ್ತಕಗಳ ನಡುವೆ ಮೂರನೆಯದು ಬಂದರೆ ದಶಮಾಂಶದ ಮುಂದೆ ಒಂದು ಅಂಕೆಯನ್ನು ಸೇರಿಸಿದರಾಯಿತು. ಪುಸ್ತಕಗಳು ಸರಿಯುತ್ತವೆ, ಕ್ರಮ ಕೆಡುವುದಿಲ್ಲ. 1989ರಲ್ಲಿ ಹೊರಬಂದ ಇಪ್ಪತ್ತನೆಯ ಆವೃತ್ತಿಯಲ್ಲಿ ಸಂಗೀತದ ಭಾಗವನ್ನು ಬುಡದಿಂದ ತಿದ್ದಿ ಬರೆದರು. ಅದರಂತೆ ಸಾಮಾನ್ಯ ತತ್ತ್ವಗಳು 781ರಲ್ಲಿಯೂ, ಕಂಠಸಂಗೀತವು 782 ಮತ್ತು 783ರಲ್ಲಿಯೂ, ವಾದ್ಯಗಳು ಮುಂದಿನ ಅಂಕೆಗಳಲ್ಲಿಯೂ ಬರುತ್ತವೆ. ತಂತೀವಾದ್ಯಗಳಿಗೆ 787, ಊದುವ ವಾದ್ಯಗಳಿಗೆ 788.

ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಭಂಡಾರದವರು 1904ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಬೇರೊಂದು ವಿವೇಕವನ್ನು ಕಾಣುತ್ತೇವೆ. ಅವರು ಸಂಗೀತವನ್ನು ಮೂರಾಗಿ ಒಡೆದರು. ನುಡಿಸುವುದಕ್ಕೂ ಹಾಡುವುದಕ್ಕೂ ಬರೆದಿಟ್ಟ ಸಂಗೀತಕ್ಕೆ ಎಂ ಎಂಬ ಅಕ್ಷರ. ಸಂಗೀತವನ್ನು ಕುರಿತು ಬರೆದ ಚರಿತ್ರೆ ವಿಮರ್ಶೆಗಳಿಗೆ ಎಂಎಲ್. ಕಲಿಸುವ ಪುಸ್ತಕಗಳಿಗೆ ಎಂಟಿ. ಹಾಡು, ಹಾಡಿನ ಮಾತು, ಹಾಡಿನ ಪಾಠ ಎಂಬ ಈ ಮೂರನ್ನು ಬೇರ್ಪಡಿಸುವುದು ನಮಗೂ ಉಪಯುಕ್ತ. ಜಗನ್ನಾಥದಾಸರ ಪದಗಳ ಸಂಪುಟವೂ ಜಗನ್ನಾಥದಾಸರ ಜೀವನಚರಿತ್ರೆಯೂ ಒಂದೇ ಹೆಸರನ್ನು ಹೊತ್ತಿದ್ದರೂ ಅವುಗಳನ್ನು ಕೇಳಿಬರುವವರು ಬೇರೆ ಬೇರೆ. ಒಬ್ಬರಿಗೆ ಹಾಡಬೇಕು, ಇನ್ನೊಬ್ಬರಿಗೆ ತಿಳಿಯಬೇಕು.

ಆದರೆ ಈ ಎರಡು ಪದ್ಧತಿಗಳೂ ಪಾಶ್ಚಾತ್ಯ ಸಂಗೀತದ ಅಳತೆಗೆ ಹೊಲಿದ ಅಂಗಿಗಳು. ಅಲ್ಲಿ ಕೃತಿಯೆಂದರೆ ರಚಕನು ಸ್ವರಸ್ವರವಾಗಿ ಬರೆದಿಟ್ಟದ್ದು. ಎಷ್ಟು ವಾದ್ಯಗಳು, ಯಾವ ವಾದ್ಯಗಳು ಎಂಬುದು ಅದರ ಮುಖ್ಯ ಲಕ್ಷಣ. ನಮ್ಮಲ್ಲಿ ಸಾಹಿತ್ಯವು ಲಿಖಿತವಾಗಿ ಬಂದರೂ ಧಾತುವು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದಿದೆ. ಇಷ್ಟು ವಾದ್ಯಗಳಿಗೆಂದು ಬರೆದ ಕೃತಿ ಎಂಬ ವಿಭಾಗದಲ್ಲಿ ವಿಜಯದಾಸರ ಸುಳಾದಿಯನ್ನು ಹುಡುಕಿ ಪ್ರಯೋಜನವೇನು?

ಈ ಬಿಗಿತವನ್ನು ಸಡಿಲಿಸಿದ ಕೀರ್ತಿಯು ನಮ್ಮ ದೇಶದ ಶಿಯಾಳಿ ರಾಮಾಮೃತ ರಂಗನಾಥನ್ ಅವರಿಗೆ ಸಲ್ಲತಕ್ಕದ್ದು. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಭಂಡಾರಿಗಳಾಗಿದ್ದ ಅವರು 1933ರಲ್ಲಿ ಕೋಲನ್ ವರ್ಗೀಕರಣವೆಂಬ ಪದ್ಧತಿಯನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲಸಿ, 1962ರಲ್ಲಿ ಅಲ್ಲಿಯೇ ಈ ಶಾಸ್ತ್ರದ ಸಂಶೋಧನೆ ಮತ್ತು ಶಿಕ್ಷಣಗಳ ಕೇಂದ್ರವೊಂದನ್ನು ಸ್ಥಾಪಿಸಿದರು. ಲಂಡನ್ನಿನ ಅಂಗಡಿಯೊಂದರಲ್ಲಿ ಮಕ್ಕಳ ಮೆಕಾನೋ ಆಟದ ಸಾಮಾನನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತಂತೆ: ಕೆಲವೇ ಪಟ್ಟಿಗಳನ್ನೂ ತಿರುಪುಗಳನ್ನೂ ಬೇರೆ ಬೇರೆ ರೀತಿ ಜೋಡಿಸಿ ನೂರು ಆಟಿಕೆಗಳನ್ನು ಕಟ್ಟುವಂತೆ, ವಿಷಯದ ಕೆಲವೇ ಮುಖಗಳನ್ನು ಗುರುತಿಸಿ ಅವುಗಳನ್ನು ಜೋಡಿಸಿದರೆ ಯಾವ ಪುಸ್ತಕಕ್ಕೂ ಅಂಕೆ ದೊರೆಯುವುದಲ್ಲವೇ? ಮೊದಲೇ ಸಿದ್ಧವಾಗಿರುವ ಗೂಡುಗಳಲ್ಲಿ ಪುಸ್ತಕವನ್ನು ತುರುಕುವುದಲ್ಲ. ಪುಸ್ತಕದ ಮುಖಗಳನ್ನು ನೋಡಿ ಗೂಡನ್ನು ಕಟ್ಟುವುದು. ಅವರ ಪದ್ಧತಿಯಲ್ಲಿ ಲಲಿತಕಲೆಗಳಿಗೆ ಎನ್ ಎಂಬ ಅಕ್ಷರ, ಅದರೊಳಗೆ ಸಂಗೀತಕ್ಕೆ ಎನ್‌ಆರ್. ಇಂಗ್ಲೆಂಡಿನಲ್ಲಿ 1957ರಿಂದ ಪ್ರಕಟವಾಗತೊಡಗಿದ ಬ್ರಿಟಿಷ್ ಸಂಗೀತಪಟ್ಟಿಗಾಗಿ ಕೋಟ್ಸ್ ಎಂಬ ವಿದ್ವಾಂಸರು ರಚಿಸಿದ ವರ್ಗೀಕರಣವು ರಂಗನಾಥನ್ ಅವರ ಈ ತತ್ತ್ವವನ್ನೇ ಅನುಸರಿಸಿತು. ಪೂರ್ವದಿಂದ ಪಶ್ಚಿಮಕ್ಕೆ ಹೋದ ವಿದ್ಯೆಗಳಲ್ಲಿ ಇದೂ ಒಂದೆಂದು ನಾವು ಸಂತೋಷಪಡಬಹುದು.

ಹಾಗಾದರೆ ನಮ್ಮ ಹಾಡಿನ ಮುಖಗಳಾವುವು? ಎಲ್ಲರಿಗೂ ಮೊದಲು ತೋಚುವುದು ರಾಗ. ರಾಗಗಳ ವಿಂಗಡಣೆಯಲ್ಲಿ ನಮ್ಮ ಪೂರ್ವಿಕರು ಗ್ರಂಥಭಂಡಾರಿಗಳೂ ತಲೆದೂಗುವಂತಹ ಕೆಲಸವನ್ನು ಮಾಡಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿಯು ಚತುರ್ದಂಡೀಪ್ರಕಾಶಿಕೆಯಲ್ಲಿ 72 ಮೇಳಗಳನ್ನು ಲೆಕ್ಕಹಾಕಿ ತೋರಿಸಿದನು. ಈಗ ಬಳಕೆಯಲ್ಲಿರುವ ಮೇಳಕರ್ತರಾಗಗಳ ಹೆಸರಿನಲ್ಲಿಯೇ ಅಂಕೆಯು ಅಡಗಿದೆ. ಕಟಪಯಾದಿ ಸೂತ್ರದಂತೆ ಹೆಸರಿನ ಮೊದಲ ಎರಡು ಅಕ್ಷರಗಳ ಅಂಕೆಗಳನ್ನು ತೆಗೆದುಕೊಂಡು ತಿರುಗಿಸಿದರೆ ಮೇಳದ ಸಂಖ್ಯೆ ಬರುತ್ತದೆ. ಮಾಯಾಮಾಳವಗೌಳದಲ್ಲಿ ಮಾ ಎಂದರೆ ಐದು, ಯಾ ಎಂದರೆ ಒಂದು, ತಿರುಗಿಸಿದರೆ 15. ಮೇಚಕಲ್ಯಾಣಿಯಲ್ಲಿ ಮೇ ಎಂದರೆ ಐದು, ಚ ಎಂದರೆ ಆರು, ತಿರುಗಿಸಿದರೆ 65. ಧೀರಶಂಕರಾಭರಣವು ಇದೇ ರೀತಿ 29, ಖರಹರಪ್ರಿಯವು 22. ಹೆಸರನ್ನು ಉಚ್ಚರಿಸಿದ ಕೂಡಲೇ ಸ್ಥಾನವೂ ಗೊತ್ತಾಗುವ ಈ ಉಪಾಯವು ಡ್ಯೂಯಿಯ ಅಂಕೆಗಿಂತ ಹಳೆಯದು. ಜನ್ಯರಾಗಗಳನ್ನು ಆಯಾ ಮೇಳದ ಕೆಳಗೆ ಇಟ್ಟರೆ ಒಂದು ಕುಟುಂಬದ ರಾಗಗಳೆಲ್ಲಾ ಒಂದೆಡೆ ಕೂಡುತ್ತವೆ. ಉತ್ತರಾದಿ ಸಂಗೀತದಲ್ಲಿ ವಿಷ್ಣು ನಾರಾಯಣ ಭಾತಖಂಡೆಯವರು ಹತ್ತು ಥಾಟುಗಳನ್ನು ಗೊತ್ತುಮಾಡಿ, ತಾವು ಸಂಗ್ರಹಿಸಿದ ಚೀಜುಗಳನ್ನು ರಾಗಾನುಕ್ರಮದಲ್ಲಿ ಆರು ಭಾಗಗಳ ಕ್ರಮಿಕ ಪುಸ್ತಕಮಾಲಿಕೆಯಲ್ಲಿ ಅಚ್ಚು ಮಾಡಿಸಿದರು.

ಹೀಗಿರಲು ರಾಗವನ್ನೇ ಹಿಡಿದು ಕಪಾಟುಗಳನ್ನು ಜೋಡಿಸಬಾರದೇಕೆ ಎಂದು ತಾವು ಕೇಳಬಹುದು. ಶಾಸ್ತ್ರಗ್ರಂಥಗಳಿಗೂ ಸ್ವರಪ್ರಸ್ತಾರವುಳ್ಳ ಕೃತಿಗಳಿಗೂ ಅದು ಸರಿಹೋದೀತು. ದಾಸರ ಪದಗಳಿಗೆ ಮಾತ್ರ ಒಗ್ಗದು. ಕಾರಣಗಳು ಮೂರು. ಮೊದಲನೆಯದಾಗಿ, ಹಳೆಯ ಪ್ರತಿಗಳಲ್ಲಿ ರಾಗತಾಳಗಳ ಹೆಸರುಗಳಿದ್ದರೂ ಸ್ವರಗಳಿಲ್ಲ. ಒಂದೇ ಪದವನ್ನು ಮೈಸೂರಿನ ವಿದ್ವಾಂಸರು ಒಂದು ರಾಗದಲ್ಲಿ, ಮಾನ್ವಿಯ ಭಜನೆಯವರು ಇನ್ನೊಂದು ರಾಗದಲ್ಲಿ ಹಾಡುತ್ತಾರೆ. ಹಾಡುವವರ ಬಾಯಲ್ಲಿ ಬದಲಾಗುವ ಗುಣವನ್ನು ಕಪಾಟಿಗೆ ಆಧಾರವಾಗಿ ಇಟ್ಟುಕೊಂಡರೆ ಒಂದೇ ಪದವು ಹತ್ತು ಕಡೆ ಹಂಚಿಹೋಗುತ್ತದೆ.

ಎರಡನೆಯದಾಗಿ, ರಚನೆಯ ಜಾತಿಯೇ ಕೆಲವು ವೇಳೆ ರಾಗತಾಳಗಳ ಗೂಡನ್ನು ಒಪ್ಪುವುದಿಲ್ಲ. ಉಗಾಭೋಗಕ್ಕೆ ತಾಳದ ಕಟ್ಟೇ ಇಲ್ಲ. ಸುಳಾದಿಯಲ್ಲಾದರೋ ಒಂದೊಂದು ನುಡಿಗೂ ಒಂದೊಂದು ತಾಳ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳು ಒಂದರ ಹಿಂದೆ ಒಂದು ಬಂದು, ಕೊನೆಗೆ ಜತೆಯಲ್ಲಿ ಮುಗಿಯುವುದು ಅದರ ರೀತಿ. ಅದನ್ನು ಯಾವ ತಾಳದ ಕೆಳಗೆ ಇಡೋಣ? ಆದುದರಿಂದ ಪದ, ಸುಳಾದಿ, ಉಗಾಭೋಗ, ಸುವ್ವಾಲಿ, ಷಟ್ಪದಿ ಎಂದು ರಚನೆಯ ಜಾತಿಯನ್ನೇ ಮೊದಲ ಮುಖವಾಗಿ ಇಟ್ಟುಕೊಳ್ಳುವುದು ಲೇಸು. ಅದು ಹಾಡಿನ ಮೈಕಟ್ಟಿನಲ್ಲಿಯೇ ಇರುವ ಗುಣ, ಹಾಡುವವರನ್ನು ಅವಲಂಬಿಸಿದುದಲ್ಲ.

ಮೂರನೆಯ ತೊಡಕು ರಾಯಚೂರಿನಂತಹ ಗಡಿನಾಡಿನಲ್ಲಿ ವಿಶೇಷವಾಗಿ ಕಾಣುವಂತಹುದು. ಈ ಸೀಮೆಯು 1948ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಇಲ್ಲಿ ದಾಸರ ಪದಗಳ ಜೊತೆಗೆ ಉತ್ತರಾದಿ ಗಾಯನವೂ ಬೇರುಬಿಟ್ಟಿದೆ; ನಗರದ ರಂಗಮಂದಿರವು ಹಿಂದುಸ್ತಾನಿ ಗಾಯಕರಾಗಿ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನು ಹೊತ್ತಿದೆ. ಎರಡು ಸಂಪ್ರದಾಯಗಳಲ್ಲಿ ಒಂದೇ ರಾಗಕ್ಕೆ ಎರಡು ಹೆಸರು, ಎರಡು ರಾಗಗಳಿಗೆ ಒಂದೇ ಹೆಸರು ಇರುವುದುಂಟು. ಕರ್ನಾಟಕದ ಮೋಹನವು ಹಿಂದುಸ್ತಾನಿಯ ಭೂಪಕ್ಕೆ ಸಮೀಪ. ಕಲ್ಯಾಣಿಯು ಯಮನಕ್ಕೆ ಸಮೀಪ. ತೋಡಿಯೆಂಬ ಹೆಸರಾದರೋ ಮೋಸಗೊಳಿಸತಕ್ಕದ್ದು. ನಮ್ಮ ಹನುಮತೋಡಿಯ ಸ್ವರಗಳನ್ನು ಹಿಂದುಸ್ತಾನಿಯವರು ಭೈರವಿಯಲ್ಲಿ ಕಾಣುತ್ತಾರೆ. ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಗೆ ಸೇರಿದವು. ನಮ್ಮ ಭೈರವಿಯು ಇವೆರಡಕ್ಕೂ ಬೇರೆ. ಪಟ್ಟಿಯಲ್ಲಿ ಬರಿಯ ತೋಡಿ ಎಂದು ಬರೆದರೆ ಕೇಳಿಬಂದವರಿಗೆ ದೊರೆಯುವುದು ಬೇರೆಯೇ ರಾಗವಾದೀತು. ಆದ್ದರಿಂದ ರಾಗದ ಹೆಸರಿನ ಮುಂದೆ ಸಂಪ್ರದಾಯದ ಹೆಸರನ್ನು ತಪ್ಪದೆ ಬರೆಯತಕ್ಕದ್ದು. ಸಮೀಪದ ರಾಗಕ್ಕೆ, ಅದನ್ನೂ ನೋಡಿರಿ ಎಂಬ ಸೂಚನೆಯನ್ನು ಕೊಡತಕ್ಕದ್ದು.

ರಾಗವು ಹೀಗೆ ಚಂಚಲವಾದರೆ ಸ್ಥಿರವಾದುದು ಯಾವುದು? ಅಂಕಿತ. ದಾಸರು ತಮ್ಮ ಹೆಸರನ್ನು ಪುಸ್ತಕದ ಮೇಲೆ ಬರೆಯಲಿಲ್ಲ. ಹಾಡಿನ ಒಳಗೆ, ಕೊನೆಯ ನುಡಿಯಲ್ಲಿ, ಇಷ್ಟದೈವದ ಹೆಸರಿನಿಂದ ಮುದ್ರೆಯೊತ್ತಿದರು. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಪ್ರಾಣೇಶವಿಠಲ. ವಾದಿರಾಜರದು ಹಯವದನ, ಕನಕದಾಸರದು ಕಾಗಿನೆಲೆಯಾದಿಕೇಶವ. ಪ್ರತಿಯ ಮೊದಲ ಹಾಳೆಗಳು ಹರಿದುಹೋಗಿದ್ದರೂ ಒಂದು ಹಾಡು ಪೂರ್ತಿಯಾಗಿ ಉಳಿದಿದ್ದರೆ ರಚಕರ ಗುರುತು ಉಳಿದಂತೆ. ಇದಕ್ಕೆ ಹೋಲುವ ಒಂದು ಸಂಗತಿಯು ಗ್ರಾಮಫೋನಿನ ಚರಿತ್ರೆಯಲ್ಲಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ತಟ್ಟೆಗಳಲ್ಲಿ ಹಿಡಿದಾಗ, ಆಕೆ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂಬುದು ತಿಳಿಯಬೇಕಾಗಿತ್ತು. ದೂರದವರ ಕೈಗೆ ಹೋಗುವ ಹಾಡು ತನ್ನ ಗುರುತನ್ನು ತಾನೇ ಹೊತ್ತೊಯ್ಯಬೇಕೆಂಬ ಯುಕ್ತಿಯು ಎರಡು ಕಡೆಯೂ ಒಂದೇ.

ಆದರೂ ಅಂಕಿತವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರಸಿದ್ಧರ ಮುದ್ರೆಗೆ ಇತರರ ರಚನೆಗಳು ಅಂಟಿಕೊಳ್ಳುವುದುಂಟು. ಅಂಕಿತದಲ್ಲಿನ ಒಂದು ಮಾತು ಹಾಡುವವರ ಬಾಯಲ್ಲಿ ಬದಲಾಗಿ ಒಬ್ಬರ ಪದವು ಇನ್ನೊಬ್ಬರ ಪಾಲಾಗುವುದುಂಟು. ಆದುದರಿಂದ ಪಟ್ಟಿಗಾರನು ಅಂಕಿತಗಳಿಗೆಂದೇ ಒಂದು ಪ್ರಮಾಣಪಟ್ಟಿಯನ್ನು ಇಟ್ಟುಕೊಳ್ಳಬೇಕು: ಅಂಕಿತ, ಅದರ ಪಾಠಾಂತರಗಳು, ದಾಸರ ಹೆಸರು, ಪೂರ್ವಾಶ್ರಮದ ಹೆಸರು, ಊರು, ಕಾಲ. ಹಾಡಿನ ಚೀಟಿಯಲ್ಲಿ ಅಂಕಿತವನ್ನು ಕಂಡ ಹಾಗೆಯೇ ಬರೆದು, ರಚಕರ ಹೆಸರನ್ನು ಬೇರೆ ಸಾಲಿನಲ್ಲಿ ಬರೆಯುವುದು ನ್ಯಾಯ. ಕಂಡುದು ಬೇರೆ, ನಿರ್ಣಯಿಸಿದುದು ಬೇರೆ. ಮುಂದೆ ಒಬ್ಬ ವಿದ್ವಾಂಸರು ನಿರ್ಣಯವನ್ನು ತಿದ್ದಿದರೂ ಕಂಡುದಕ್ಕೆ ಚ್ಯುತಿಯಿಲ್ಲ.

ಅಂಕಿತದ ಜೊತೆಗೆ ಎರಡನೆಯ ದಾರಿ ಪಲ್ಲವಿಯ ಮೊದಲ ಮಾತು. ಜನರು ಹಾಡನ್ನು ಕೇಳುವುದು ಮೊದಲ ಸಾಲಿನಿಂದಲೇ. ಆದರೆ ಕೆಲವು ಪದಗಳನ್ನು ಅನುಪಲ್ಲವಿಯಿಂದಲೋ ಒಂದು ಚರಣದಿಂದಲೋ ಎತ್ತಿಕೊಳ್ಳುವ ರೂಢಿಯುಂಟು; ಅವಕ್ಕೂ ಒಂದೊಂದು ಚೀಟಿ ಬೇಕು. ಹಕಾರವು ಎಲ್ಲಿ ಬಿದ್ದುಹೋಗಿದೆ, ಅಲ್ಪಪ್ರಾಣ ಮಹಾಪ್ರಾಣಗಳು ಎಲ್ಲಿ ಬದಲಾಗಿವೆ ಎಂಬುದನ್ನು ನೋಡಿ, ಅಕಾರಾದಿಯಲ್ಲಿ ಒಂದು ಶಿಷ್ಟರೂಪವನ್ನು ಗೊತ್ತುಮಾಡಿ, ಉಳಿದ ರೂಪಗಳಿಂದ ಅದಕ್ಕೆ ದಾರಿ ತೋರಿಸಬೇಕು. ಮಂಗಳೂರಿನಲ್ಲಿ 1850ರ ಸುಮಾರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಎಂಬವರು ದಾಸರ ಪದಗಳನ್ನು ಮೊದಲು ಅಚ್ಚು ಹಾಕಿಸಿದಂದಿನಿಂದ ಇಂದಿನ ವರೆಗೆ ಬಂದ ಸಂಕಲನಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ ಈ ಎಚ್ಚರಿಕೆಯ ಅವಶ್ಯಕತೆಯು ತಿಳಿದೀತು.

ಮಾತು ಮರೆತು ಮಟ್ಟು ಮಾತ್ರ ನೆನಪಿರುವವರ ಗತಿಯೇನು? ಅವರಿಗೂ ಒಂದು ದಾರಿಯನ್ನು ಕಂಡುಹಿಡಿದಿದ್ದಾರೆ. 1862ರಲ್ಲಿ ಕೋಖೆಲ್ ಎಂಬಾತನು ಮೋತ್ಸಾರ್ಟನ ಕೃತಿಗಳ ಪಟ್ಟಿಯನ್ನು ಮಾಡಿದಾಗ ಪ್ರತಿಯೊಂದು ಕೃತಿಯ ಆರಂಭದ ಸ್ವರಗಳನ್ನೂ ಅಚ್ಚು ಹಾಕಿಸಿದನು. 1948ರಲ್ಲಿ ಬಾರ್ಲೋ ಮತ್ತು ಮಾರ್ಗನ್‌ಸ್ಟರ್ನ್ ಎಂಬವರು ಮಟ್ಟುಗಳನ್ನೆಲ್ಲಾ ಒಂದೇ ಶ್ರುತಿಗೆ ತಂದು ಸ್ವರಾಕ್ಷರಗಳ ಅನುಕ್ರಮದಲ್ಲಿ ನಿಘಂಟನ್ನೇ ರಚಿಸಿದರು. 1975ರಲ್ಲಿ ಪಾರ್ಸನ್ಸ್ ಎಂಬವರು, ಸ್ವರವು ಮೇಲೆ ಹೋಗುವುದೇ, ಕೆಳಗೆ ಬರುವುದೇ, ಅಲ್ಲಿಯೇ ನಿಲ್ಲುವುದೇ ಎಂಬ ಮೂರೇ ಗುರುತುಗಳಿಂದ ಮಟ್ಟನ್ನು ಪತ್ತೆಹಚ್ಚುವ ಬಗೆಯನ್ನು ತೋರಿಸಿದರು. ನಮಗೆ ಇದು ಇನ್ನೂ ಸುಲಭ. ಒಂದೇ ಶ್ರುತಿಗೆ ತರುವ ಶ್ರಮವೇ ನಮಗಿಲ್ಲ. ನಮ್ಮ ಸರಿಗಮಗಳು ಷಡ್ಜವನ್ನು ಆಶ್ರಯಿಸಿಯೇ ಇರುವುವಷ್ಟೆ. ಪಲ್ಲವಿಯ ಮೊದಲ ಹತ್ತು ಹನ್ನೆರಡು ಸ್ವರಗಳನ್ನು ಚೀಟಿಯಲ್ಲಿ ಬರೆದಿಟ್ಟರೆ, ಚೀಕಲಪರವಿಯ ಮಟ್ಟಿಗೂ ಮೈಸೂರಿನ ಮಟ್ಟಿಗೂ ಇರುವ ಭೇದವು ಒಂದು ನೋಟದಲ್ಲಿ ಕಾಣುತ್ತದೆ.

ಇನ್ನು ಕಪಾಟಿನ ಮಾತು. ಅಚ್ಚಾದ ಪುಸ್ತಕಗಳನ್ನು ರಚನೆಯ ಜಾತಿ, ರಚಕ ಎಂಬ ಕ್ರಮದಲ್ಲಿ ನಿಲ್ಲಿಸಬಹುದು. ಕೈಬರಹದ ಪುಸ್ತಕಗಳನ್ನಾದರೋ ವಿಷಯದಿಂದ ವಿಂಗಡಿಸದೆ, ಯಾವ ಮನೆಯಿಂದ ಬಂದವೋ ಆ ಮನೆಯ ಹೆಸರಿನಲ್ಲಿ, ಬಂದ ಕ್ರಮದಲ್ಲಿ ಒಟ್ಟಿಗೆ ಇಡತಕ್ಕದ್ದು. ಒಂದು ಮನೆತನದವರು ಬೆಳಗಿನ ಹಾಡು, ಪೂಜೆಯ ಹಾಡು, ಆರತಿಯ ಹಾಡು ಎಂದು ಬರೆದುಕೊಂಡ ಅನುಕ್ರಮವೇ ಒಂದು ಸಾಕ್ಷ್ಯ; ಯಾವ ಹಾಡಿನ ಪಕ್ಕದಲ್ಲಿ ಯಾವ ಹಾಡಿದೆಯೆಂಬುದರಿಂದ ಹಾಡುತ್ತಿದ್ದ ಸಂದರ್ಭವು ತಿಳಿಯುತ್ತದೆ. ಗಂಟನ್ನು ಬಿಚ್ಚಿ ಹಂಚಿದರೆ ಆ ಸಾಕ್ಷ್ಯವು ಮತ್ತೆ ದೊರೆಯದು. ಓಲೆಯ ಕಟ್ಟುಗಳನ್ನು ಮರದ ಹಲಗೆಗಳ ನಡುವೆ ಇಟ್ಟು ಬಟ್ಟೆಯಲ್ಲಿ ಸುತ್ತಿ, ಅಡ್ಡಲಾಗಿ ಇಡುವುದು ಸಂಪ್ರದಾಯ.

ಗ್ರಾಮಫೋನ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಗಟ್ಟಿಯಾದ ಅಡ್ಡಹಲಗೆಗಳ ನಡುವೆ ನೆಟ್ಟಗೆ ನಿಲ್ಲಿಸಬೇಕು. ಹತ್ತು ಅಂಗುಲದವು ಒಂದು ಕಡೆ, ಹನ್ನೆರಡು ಅಂಗುಲದವು ಒಂದು ಕಡೆ. ಪ್ರತಿಯೊಂದರಲ್ಲಿಯೂ ಕಂಪೆನಿಯ ಹೆಸರು ಮತ್ತು ತಟ್ಟೆಯ ಸಂಖ್ಯೆಯ ಕ್ರಮ. ಎರಡು ಮೈಗಳಲ್ಲಿ ಎರಡು ಹಾಡುಗಳಿರುವುದರಿಂದ ಇಲ್ಲಿ ರಾಗಾನುಕ್ರಮವು ನಡೆಯದು, ಸಂಖ್ಯೆಯೇ ಸ್ಥಾನ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಅರಗಿನ ತಟ್ಟೆಯಾಗಲಿ ಸುರುಳಿಯಾಗಲಿ ಬಿಸಿಲು ಬಡಿಯುವ ಗೋಡೆಯ ಬಳಿ ಇದ್ದರೆ ಕೆಡುತ್ತದೆ. ಕಾಂತಪಟ್ಟಿಯ ಸುರುಳಿಗಳನ್ನು ಧ್ವನಿವರ್ಧಕದ ಕಾಂತದ ಬಳಿಯೂ ಇಡಲಾಗದು. ಗಣಕಯಂತ್ರದ ಕಡತಕ್ಕೆ ಕಪಾಟು ಬೇಡವೆಂದು ಕೆಲವರ ಭಾವನೆ. ಹೆಸರಿಲ್ಲದ ಸಾವಿರ ಕಡತಗಳು ಬೀಗವಿಲ್ಲದಿದ್ದರೂ ತೆರೆಯಲಾಗದ ಕೋಣೆಯಂತೆ. ಅವಕ್ಕೂ ಸ್ಥಿರವಾದ ಸಂಖ್ಯೆ ಬೇಕು, ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿಗಳು ಬೇಕು.

ಒಂದು ನಿದರ್ಶನವನ್ನು ಕೊಡುತ್ತೇನೆ. ಮಾನ್ವಿಯ ಒಂದು ಮನೆಯಿಂದ ಎಂಬತ್ತು ಪದಗಳುಳ್ಳ ಪುಸ್ತಕವೊಂದು ಬಂದಿತೆಂದಿಟ್ಟುಕೊಳ್ಳೋಣ. ಪುಸ್ತಕಕ್ಕೆ ಒಂದೇ ಸಂಖ್ಯೆ, ಒಂದೇ ಸ್ಥಳ. ಪದಗಳಿಗೆ ಎಂಬತ್ತು ಚೀಟಿಗಳು. ಪ್ರತಿಯೊಂದರಲ್ಲಿಯೂ ಮೊದಲ ಸಾಲು, ಜಾತಿ, ಅಂಕಿತ, ಪ್ರತಿಯಲ್ಲಿ ಹೇಳಿದ ರಾಗತಾಳ, ಹಾಳೆಯ ಸಂಖ್ಯೆ. ಮನೆಯ ಹಿರಿಯರು ಹಾಡಿ ತೋರಿಸಿದರೆ ಆ ಧ್ವನಿಯ ಸಂಖ್ಯೆ, ಹಾಡಿದವರ ಹೆಸರು, ಊರು, ತಾರೀಖು, ಹಾಡಿದ ರಾಗ, ಸ್ವರಾರಂಭ. ಪ್ರತಿಯ ರಾಗವೂ ಹಾಡಿದ ರಾಗವೂ ಬೇರೆಯಾದರೆ ಎರಡನ್ನೂ ಬರೆಯತಕ್ಕದ್ದು. ಒಂದನ್ನು ಸರಿಯೆಂದು ಇನ್ನೊಂದನ್ನು ಅಳಿಸತಕ್ಕದ್ದಲ್ಲ. ಹೀಗೆ ಮಾಡಿದರೆ ಗೋಪಾಲವಿಠಲ ಅಂಕಿತದ ಸುಳಾದಿಗಳನ್ನು ಕೇಳಿದವರಿಗೂ, ಮೋಹನರಾಗದ ಪದಗಳನ್ನು ಕೇಳಿದವರಿಗೂ, ದೇವದುರ್ಗದ ಕಡೆಯ ಮಟ್ಟುಗಳನ್ನು ಕೇಳಿದವರಿಗೂ ಅದೇ ಪುಸ್ತಕವೇ ಉತ್ತರ ಕೊಡುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ವಿಂಗಡಣೆಯೆಂಬುದು ಬರಿಯ ಅನುಕೂಲದ ಕೆಲಸವಲ್ಲ. ಅದರಲ್ಲಿ ಒಂದು ತೀರ್ಪು ಅಡಗಿರುತ್ತದೆ. ಶಾಸ್ತ್ರೀಯ ಸಂಗೀತಕ್ಕೆ ಮೂವತ್ತು ವಿಭಾಗಗಳನ್ನು ಮಾಡಿ, ಹೆಂಗಸರ ಉರುಟಣೆಯ ಹಾಡು, ಬೀಸುವ ಕಲ್ಲಿನ ಪದ, ತತ್ತ್ವಪದ, ಮೊಹರಮ್ಮಿನ ರಿವಾಯತ ಪದ ಇವುಗಳನ್ನೆಲ್ಲಾ ಇತರ ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಮೂಲೆಗೆ ಇಟ್ಟರೆ, ಅವನ್ನು ಹುಡುಕುವವರಿಗೆ ದಾರಿಯೇ ಇಲ್ಲದಂತಾಗುವುದು. ಅವುಗಳಲ್ಲಿ ಎಷ್ಟೋ ಹಾಡುಗಳಿಗೆ ಅಂಕಿತವಿಲ್ಲ, ರಾಗದ ಹೆಸರಿಲ್ಲ, ಪುಸ್ತಕವಿಲ್ಲ. ಹಾಡುವ ಅಜ್ಜಿಯ ನೆನಪೇ ಅವಕ್ಕೆ ಭಂಡಾರ. ಅವಕ್ಕೆ ಸಂದರ್ಭ, ಊರು, ಹಾಡಿದವರು ಎಂಬ ಮುಖಗಳೇ ಮುಖ್ಯ. ಕನ್ನಡ, ಉರ್ದು, ತೆಲುಗುಗಳು ಬೆರೆತಿರುವ ಈ ಊರಿನಲ್ಲಿ ಭಾಷೆ ಲಿಪಿಗಳನ್ನು ಕುರಿತ ಸಾಲು ಪ್ರತಿ ಚೀಟಿಯಲ್ಲಿಯೂ ಇರಬೇಕಾದುದು ಅಗತ್ಯ. ಇಂತಹ ಹಾಡುಗಳ ವಿಷಯದಲ್ಲಿ ತಡವಾದರೆ ಆಗುವ ನಷ್ಟವು ಪುಸ್ತಕವು ತಪ್ಪಿದ ಕಡೆ ಸೇರಿದ ನಷ್ಟಕ್ಕಿಂತ ದೊಡ್ಡದು. ಪುಸ್ತಕವು ಎಂದಾದರೂ ಸಿಕ್ಕೀತು. ಹಾಡಿದವರೊಡನೆ ಹೋದ ಮಟ್ಟು ಸಿಕ್ಕದು.

ಇದಕ್ಕೆ ದೊಡ್ಡ ಕಟ್ಟಡವೂ ಹೆಚ್ಚಿನ ಹಣವೂ ಮೊದಲಿಗೆ ಬೇಕಾಗಿಲ್ಲ. ತಮ್ಮ ಮನೆಯಲ್ಲಿ ಹಾಡಿನ ಪುಸ್ತಕವಿದ್ದರೆ ಅದರ ಹಾಳೆಗಳಿಗೆ ಸೀಸದ ಕಡ್ಡಿಯಿಂದ ಮೆಲ್ಲಗೆ ಸಂಖ್ಯೆಗಳನ್ನು ಹಾಕಿರಿ. ಬೇರೊಂದು ಕಾಗದದಲ್ಲಿ ಪ್ರತಿ ಹಾಡಿನ ಮೊದಲ ಮಾತನ್ನೂ ಅಂಕಿತವನ್ನೂ ಬರೆಯಿರಿ. ಯಾರು ಬರೆದ ಪುಸ್ತಕ, ಯಾವ ಊರಿನದು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಗುರುತುಮಾಡಿರಿ. ಅವರು ಹಾಡಬಲ್ಲವರಾದರೆ ಹಾಡಿಸಿ ಧ್ವನಿಯನ್ನು ಹಿಡಿದಿಡಿರಿ. ಗ್ರಂಥಭಂಡಾರಿಯು ಮಾಡುವ ಕೆಲಸದಲ್ಲಿ ಅರ್ಧದಷ್ಟು ಇದೇ ಆಗಿದೆ. ಉಳಿದರ್ಧವನ್ನು ಮಾಡುವುದಕ್ಕೆ ಮುಂದೆ ಯಾರಾದರೂ ಬಂದಾಗ, ಅವರಿಗೆ ಕೆಲಸ ಮಾಡುವುದಕ್ಕೆ ಹಾಡು ಇನ್ನೂ ಉಳಿದಿರುತ್ತದೆ.